ಎಡಗಡೆಯ ತೋಳು

ಆ ಬೀದಿಯಲ್ಲಿ ಮಾಸ್ಟರ್ ಎಂದರೆ ಒಬ್ಬರೇ. ಶಾಲೆಯಲ್ಲಿ ಪಾಠ ಹೇಳುವವರಿದ್ದರು, ಕೊಳದಲ್ಲಿ ಈಜು ಕಲಿಸುವವರಿದ್ದರು, ಸ್ಟೇಷನ್ನಿನಲ್ಲಿ ಬಾವುಟ ಹಿಡಿಯುವವರೂ ಇದ್ದರು. ಆದರೆ ಆ ಹೆಸರಿಗೆ ಕೈಹಾಕುವ ಧೈರ್ಯ ಅವರಲ್ಲಿ ಯಾರಿಗೂ ಇರಲಿಲ್ಲ. ಮಾಸ್ಟರ್ ಎಂದರೆ ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ್. ಕುತ್ತಿಗೆಗೆ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು, ಕೈಯಲ್ಲಿ ಇನ್ನೊಬ್ಬರಿಗೆ ಮುಟ್ಟಲು ಕೊಡದ ಕತ್ತರಿ. ಹೊರಗೆ ನಿಂತು ಯಾರಾದರೂ ‘ಮಾಸ್ಟರ್’ ಎಂದು ಕೂಗಿದರೆ ಅವರು ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ. ಎರಡನೆಯ ಸಲ ಕೂಗಿಸಿಕೊಂಡು, ಕತ್ತರಿ ಕೆಳಗಿಟ್ಟು, ಆಮೇಲೆ ‘ಆಂ?’ ಎನ್ನುತ್ತಿದ್ದರು. ಮೊದಲನೆಯ ಕೂಗು ಕಿವಿಗೆ ಹಿತವಾಗಿ ಇಳಿಯಲು ಒಂದಿಷ್ಟು ಹೊತ್ತು ಬೇಕಲ್ಲ.

ಕೈ ಒಳ್ಳೆಯದೇ, ಇಲ್ಲವೆನ್ನುವಂತಿಲ್ಲ. ಕೋಟಿಗೆ ತೋಳು ಕೂರಿಸುವುದರಲ್ಲಿ ಅವರದು ಎತ್ತಿದ ಕೈ ಎಂದು ವಕೀಲರು, ಡಾಕ್ಟರು ಎಲ್ಲ ಹೇಳುತ್ತಿದ್ದರು. ಹೊಲಿಗೆ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಕೋಟಿನಲ್ಲಿ ಅತ್ಯಂತ ಕಷ್ಟದ ಜಾಗ ಅದು. ಹೆಗಲಿನ ದುಂಡಿಗೆ ತೋಳಿನ ದುಂಡನ್ನು ಸುಕ್ಕಿಲ್ಲದೆ ಸೇರಿಸಬೇಕು. ಒಂದೆಳೆ ಆಚೀಚೆಯಾದರೂ ಕೈ ಇಳಿಬಿಟ್ಟು ನಿಂತಾಗ ಬಣ್ಣ ಬಯಲಾಗುತ್ತದೆ. ಮಾಸ್ಟರು ಕೂರಿಸಿದ ತೋಳಿನ ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಒಂದು ದೂರು ಬಂದಿರಲಿಲ್ಲ. ಈ ಮಾತನ್ನು ಅವರು ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದರು, ಕೇಳುವವರಿಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆಯ ಮುಂದೆಯಾದರೂ ಹೇಳಿಕೊಳ್ಳುತ್ತಿದ್ದರು.

ಅಂಗಡಿಯ ಹಿಂಭಾಗದಲ್ಲಿ ಒಂದು ಪರದೆ. ಪರದೆಯ ಆಚೆ ಅಂಗಡಿಗಿದ್ದ ಒಂದೇ ಕಿಟಕಿ, ಕಿಟಕಿಯ ಕೆಳಗೊಂದು ಗಿಡ್ಡ ಸ್ಟೂಲು, ಸ್ಟೂಲಿನ ಮೇಲೆ ಅವರ ಹೆಂಡತಿ. ಆಕೆಯ ಕೆಲಸ ರಫೂ. ಬಟ್ಟೆ ಹರಿದರೆ, ಸುಟ್ಟರೆ, ಹುಳ ತಿಂದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ನೂಲೆಳೆದು, ಸೂಜಿಯಿಂದ ಹಾಸು ಹೊಕ್ಕು ನೇಯ್ದು, ತೂತಿದ್ದ ಜಾಗವೇ ಸಿಗದಂತೆ ಮಾಡುವುದು. ಸೋದರತ್ತೆಯ ಪಕ್ಕ ಕೂತು ಕಲಿತ ವಿದ್ಯೆ. ಬಟ್ಟೆ ತಂದವರು ಅದನ್ನು ಮಾಸ್ಟರ ಕೈಗೆ ಕೊಡುತ್ತಿದ್ದರು, ಮಾಸ್ಟರು ಪರದೆಯ ಸಂದಿಯಿಂದ ಒಳಗೆ ತಳ್ಳುತ್ತಿದ್ದರು, ಅದೇ ಸಂದಿಯಿಂದ ಅದು ಹೊರಗೆ ಬರುತ್ತಿತ್ತು. ‘ತೂತು ಎಲ್ಲಿತ್ತು ಮಾಸ್ಟರ್?’ ಎಂದು ಗಿರಾಕಿಗಳು ಬಟ್ಟೆಯನ್ನು ಬೆಳಕಿಗೆ ಹಿಡಿದು ಹುಡುಕುವಾಗ ಮಾಸ್ಟರು ಮೀಸೆಯಲ್ಲೇ ನಗುತ್ತಿದ್ದರು. ಹೆಂಡತಿಯನ್ನು ಅವರು ಕರೆಯುತ್ತಿದ್ದದ್ದು ‘ಇವಳೇ’ ಎಂದು. ಆ ಬೀದಿಯವರಲ್ಲಿ ಅರ್ಧ ಜನಕ್ಕೆ ಆಕೆಯ ಹೆಸರೇ ಅದೇನೋ ಎಂಬ ಅನುಮಾನವಿತ್ತು.

ಒಮ್ಮೆ ಪರದೇಶದ ಹೆಂಗಸೊಬ್ಬಳು ಹುಳ ತಿಂದ ಹಳೆಯ ಶಾಲೊಂದನ್ನು ತಂದುಕೊಟ್ಟು, ಅದು ಮುಗಿಯುವವರೆಗೆ ನಾಲ್ಕು ದಿನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಪರದೆ ಸರಿಸಲು ಹೇಳಿ, ಗಲ್ಲಕ್ಕೆ ಕೈಕೊಟ್ಟು ನೋಡುತ್ತಲೇ ಇದ್ದಳು. ಆಕೆ ನೋಡುತ್ತಿರುವುದು ತಾನು ಬಟ್ಟೆ ಕತ್ತರಿಸುವ ಸೊಗಸನ್ನೇ ಎಂದು ಮಾಸ್ಟರು ಆ ನಾಲ್ಕು ದಿನ ಕತ್ತರಿಯನ್ನು ಬೇಕೆಂದೇ ಜೋರಾಗಿ ಆಡಿಸಿದರು. ಒಂದು ಪ್ಯಾಂಟು ಆ ಸಡಗರದಲ್ಲಿ ಮೊಣಕಾಲಿನವರೆಗೆ ಬಂತು.

ಎರಡು ವರ್ಷದ ಮೇಲೆ ಆ ಹೆಂಗಸಿನ ದೇಶದಿಂದ ಒಂದು ಕಾಗದ ಬಂತು. ಓದಿದವರು ಎದುರಿನ ಕನ್ನಡಕದಂಗಡಿಯವರು, ಆ ಭಾಷೆ ಅರ್ಧಂಬರ್ಧ ಬಲ್ಲವರು. “ಬಟ್ಟೆಗಳ ದೊಡ್ಡ ಮ್ಯೂಸಿಯಂ ಅಂತೆ. ಅಲ್ಲೊಂದು ಮುನ್ನೂರು ವರ್ಷದ ಪರದೆ ಲಡ್ಡಾಗಿದೆಯಂತೆ. ನಾಲ್ಕಾರು ದೇಶದವರನ್ನ ಕರೆಸಿ ಸರಿ ಮಾಡಿಸ್ತಾರಂತೆ. ಶಾಲನ್ನ ಸರಿ ಮಾಡಿಕೊಟ್ಟ ಮಾಸ್ಟರ್ ಅವರು ದಯವಿಟ್ಟು ಬರ್ಬೇಕು, ಜೊತೆಗೆ ಒಬ್ಬ ಸಹಾಯಕರನ್ನ ಕರ್ಕೊಂಡು ಬರ್ಬಹುದು.”

ಮಾಸ್ಟರ ಕಿವಿ ‘ಶಾಲನ್ನು ಸರಿ ಮಾಡಿಕೊಟ್ಟ’ ಎಂಬಲ್ಲಿ ಮುಚ್ಚಿಕೊಂಡು ‘ಮಾಸ್ಟರ್’ ಎಂಬಲ್ಲಿ ತೆರೆದುಕೊಂಡಿತು. ಅವರದೊಬ್ಬರದೇ ತಪ್ಪೆನ್ನುವಂತೆಯೂ ಇಲ್ಲ. ಕನ್ನಡಕದವರಿಗೂ, ಬೀದಿಗೂ, ಕೊನೆಗೆ ಹೆಂಡತಿಗೂ ಆ ಪದಕ್ಕೆ ಗೊತ್ತಿದ್ದ ಅರ್ಥ ಒಂದೇ. ಸಂಜೆಯೊಳಗೆ ಬೀದಿಗೆಲ್ಲ ಡಂಗೂರವಾಯಿತು. ‘ಸಹಾಯಕರು ಅಂದ್ರೆ ನಾನೂ ಬರ್ಬಹುದಾ?’ ಎಂದು ಹೆಂಡತಿ ಪರದೆಯಿಂದ ತಲೆ ಹೊರಹಾಕಿ ಕೇಳಿದಾಗ ಮಾಸ್ಟರು ಸ್ವಲ್ಪ ಯೋಚಿಸುವವರಂತೆ ಮಾಡಿ, ‘ಬಾ, ಅದಕ್ಕೇನು’ ಎಂದರು. ನರ್ಸ್ ಆಗಿದ್ದ ಮಗಳು ಗಾಲಿಯಿರುವ ಒಂದು ಪೆಟ್ಟಿಗೆ ಕೊಡಿಸಿದಳು. ಮಾಸ್ಟರು ತಮಗೊಂದು ಹೊಸ ಕೋಟು ಹೊಲಿದುಕೊಂಡರು, ಹೊರಡುವ ದಿನ ಬೆಳಿಗ್ಗೆ ಕೊನೆಯ ಗುಂಡಿ ಬಿತ್ತು.

ಮ್ಯೂಸಿಯಂನವರು ಕಳಿಸಿದ್ದು ರೈಲಿನ ಟಿಕೆಟ್ಟು. ಗಡಿ ದಾಟಿ, ಇನ್ನೊಂದು ದೇಶ ದಾಟಿ, ಒಟ್ಟು ಐವತ್ತೆರಡು ಗಂಟೆಯ ಹಾದಿ. ನಾಲ್ಕು ಮಂದಿಯ ಸಣ್ಣ ಕೋಣೆ, ಕೆಳಗೆರಡು ಮೇಲೆರಡು ಹಲಗೆ, ಎಳೆದರೆ ಕೀರೆನ್ನುವ ಬಾಗಿಲು. ಎದುರಿನ ಕೆಳಹಲಗೆಯಲ್ಲಿ ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟ, ಮ್ಯೂಸಿಯಂನ ದೇಶದ ಅಜ್ಜಿಯೊಬ್ಬಳು. ಅದರ ಮೇಲೆ ಒಬ್ಬ ದಪ್ಪ ಮನುಷ್ಯ. ಹತ್ತಿದವನೇ ಗೋಡೆಗೆ ಮುಖ ಮಾಡಿ ಮಲಗಿ ಗೊರಕೆ ಶುರುಮಾಡಿದ. ಗೊರಕೆಗೆ ಮಾತ್ರ ಭಾಷೆಯ ತೊಡಕಿರಲಿಲ್ಲ.

ಮೊದಲ ಹತ್ತು ಗಂಟೆ ಮಾಸ್ಟರು ಹೆಂಡತಿಗೆ ಪಾಠ ಹೇಳಿದರು.

“ಅಲ್ಲಿ ನೀನು ಮುಂದೆ ಮುಂದೆ ಹೋಗ್ಬೇಡ. ಏನಾದ್ರೂ ಕೇಳಿದ್ರೆ ನನ್ನನ್ನ ತೋರಿಸು.”

“ಹ್ಞೂಂ.”

“ನಾನು ಹೇಳಿದ್ಮೇಲೆ ಸೂಜಿ ಹಿಡಿ. ಮೊದಲೇ ಹಿಡೀಬೇಡ.”

“ಹ್ಞೂಂ ರೀ. ಬಿಸ್ಕತ್ತು ತಿಂತೀರಾ?”

ಆಮೇಲೆ ಹೇಳಲು ಪಾಠ ಉಳಿಯಲಿಲ್ಲ, ಹಾದಿ ಮಾತ್ರ ಉಳಿಯಿತು. ಕಿಟಕಿಯಾಚೆ ಒಂದೇ ಬಯಲು, ಮತ್ತೆ ಮತ್ತೆ ಅದೇ ಬಯಲು. ಪಾದ ಊದಿಕೊಂಡು ಬೂಟಿಗೆ ಹೋಗದಾದವು. ಸೊಂಟ ಹಿಡಿದುಕೊಂಡಿತು. ಬಿಸಿನೀರಿನ ನಲ್ಲಿಯ ಮುಂದೆ ಸಾಲು, ಪಾಯಿಖಾನೆಯ ಮುಂದೆ ಅದಕ್ಕಿಂತ ಉದ್ದದ ಸಾಲು. ಎಲ್ಲಕ್ಕಿಂತ ಹೆಚ್ಚಾಗಿ, ಆ ರೈಲಿನಲ್ಲಿ ಅವರನ್ನು ಮಾಸ್ಟರ್ ಎಂದು ಕರೆಯುವವರು ಯಾರೂ ಇರಲಿಲ್ಲ. ಟಿಕೆಟ್ ನೋಡುವವನು ಅವರಿಗೆ ಒಂದು ಸಂಖ್ಯೆ ಹೇಳಿ ಮುಂದೆ ಹೋದ. ಹೆಂಡತಿಗೆ ಅಂಥ ಚಿಂತೆ ಏನೂ ಇರಲಿಲ್ಲ. ಎದುರಿನ ಅಜ್ಜಿಯ ಜೊತೆ ಒಂದಕ್ಷರ ಭಾಷೆಯಿಲ್ಲದೆ ಅರ್ಧ ದಿನದಲ್ಲೇ ಗೆಳೆತನ ಬೆಳೆಸಿ, ಅವಳ ಬ್ರೆಡ್ಡು ತಿಂದು, ತನ್ನ ಬಿಸ್ಕತ್ತು ಕೊಟ್ಟು, ಮೊಮ್ಮಕ್ಕಳ ಫೋಟೊ ನೋಡಿ ‘ಅಯ್ಯೋ, ಎಷ್ಟು ಮುದ್ದಾಗಿದೆ’ ಎಂದು ಕನ್ನಡದಲ್ಲೇ ಹೇಳಿ ಮುಗಿಸಿದ್ದಳು. ಮನೆಯಲ್ಲಿ ಇವಳಿಗೆ ಇಷ್ಟು ಬಾಯಿ ಎಲ್ಲಿತ್ತು ಎಂದು ಮಾಸ್ಟರಿಗೆ ಒಳಗೇ ಕಸಿವಿಸಿಯಾಯಿತು.

ಎರಡನೆಯ ದಿನ ಬೆಳಿಗ್ಗೆ ಗಡಿ ಬಂತು. ಹೆಂಡತಿ, ಅಜ್ಜಿ ಇಬ್ಬರೂ ಮುಖ ತೊಳೆಯಲು ಹೋಗಿದ್ದರು. ಮ್ಯೂಸಿಯಂ ಕಡೆಯ ನಡುವಯಸ್ಸಿನ ಗುಮಾಸ್ತನೊಬ್ಬ ಹತ್ತಿ, ಪಟ್ಟಿ ನೋಡಿ, ಎರಡು ಚೀಟಿ ತೆಗೆದ. ಎದೆಗೆ ಚುಚ್ಚಿಕೊಳ್ಳುವಂಥವು. ಒಂದು ಕೆಂಪು, ಅದರ ಮೇಲೆ ಚಿಕ್ಕದೊಂದು ಪದ. ಇನ್ನೊಂದು ನೀಲಿ, ಅದರ ಮೇಲೆ ಉದ್ದನೆಯ ಪದ. ಕೆಂಪನ್ನು ತೋರಿಸಿ “ಮಾಸ್ಟರ್” ಎಂದ. ಮಾಸ್ಟರು ಕೈಚಾಚಿದರು. ಅವನು ಅದನ್ನು ಕೊಡದೆ, ಕಿಟಕಿಯ ಪಕ್ಕ ಹೆಂಡತಿ ಬಿಟ್ಟುಹೋಗಿದ್ದ ಹೊದೆಯುವ ಶಾಲಿನ ಮೇಲಿಟ್ಟು, “ಮೇಡಂ” ಎಂದ. ನೀಲಿಯನ್ನು ಮಾಸ್ಟರ ಅಂಗೈಗೆ ಹಾಕಿದ.

“ನೋ, ನೋ,” ಎಂದು ಮಾಸ್ಟರು ಎದೆ ತಟ್ಟಿಕೊಂಡರು. “ಮಾಸ್ಟರ್, ನಾನು. ಮೀ.”

ಗುಮಾಸ್ತ ಇನ್ನೊಮ್ಮೆ ಪಟ್ಟಿ ನೋಡಿದ. ತಲೆಯಾಡಿಸಿದ. ಅರ್ಥವಾಗಲಿಲ್ಲವೇನೋ ಎಂದು ಎರಡು ಬೆರಳು ಜೋಡಿಸಿ ಗಾಳಿಯಲ್ಲಿ ಸೂಜಿ ಹಿಡಿದು, ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ನೇಯ್ದು ತೋರಿಸಿದ. ರಫೂ. ಆಮೇಲೆ ಹೆಂಡತಿ ಹೋದ ದಿಕ್ಕಿಗೆ ಬೆರಳು ಮಾಡಿ, “ಮಾಸ್ಟರ್” ಎಂದು ಭಕ್ತಿಯಿಂದಲೇ ಎಂಬಂತೆ ಹೇಳಿ ಇಳಿದುಹೋದ.

ಮಾಸ್ಟರಿಗೆ ಒಂದೇ ಏಟಿಗೆ ಎಲ್ಲ ಅರ್ಥವಾಯಿತು. ಶಾಲು ಸರಿಮಾಡಿದ ಮಾಸ್ಟರು. ಗಲ್ಲಕ್ಕೆ ಕೈಕೊಟ್ಟ ಹೆಂಗಸು ನಾಲ್ಕು ದಿನ ನೋಡಿದ್ದು ಯಾರನ್ನು, ಈ ಐವತ್ತೆರಡು ಗಂಟೆಯ ಹಾದಿ ಯಾರಿಗಾಗಿ, ಎಲ್ಲ. ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಯಿತು. ಹಸಿವೆಯಲ್ಲ, ಹೊಟ್ಟೆಕಿಚ್ಚು. ಪಕ್ಕದ ಅಂಗಡಿಯವನ ಮೇಲೆ ಹಿಂದೆ ಬಂದಿತ್ತು, ಜೊತೆಗೆ ಕೆಲಸ ಕಲಿತವನ ಮೇಲೆ ಬಂದಿತ್ತು. ಒಂದೇ ತಟ್ಟೆಯಲ್ಲಿ ಉಂಡವಳ ಮೇಲೆ ಬಂದದ್ದು ಇದೇ ಮೊದಲು. ಬೀದಿಯವರಿಗೆ ಏನು ಹೇಳುವುದು? ಇನ್ನು ‘ಮಾಸ್ಟರ್’ ಎಂದು ಯಾರಾದರೂ ಕೂಗಿದರೆ ತಿರುಗಬೇಕೋ ಬೇಡವೋ? ಈ ಒಂದು ಪದ ಬಿಟ್ಟರೆ ತನ್ನ ಬಳಿ ಇದ್ದದ್ದೇನು?

ಕಾರಿಡಾರಿನಲ್ಲಿ ಹೆಂಡತಿಯ ಚಪ್ಪಲಿಯ ಸದ್ದಾಯಿತು. ಮಾಸ್ಟರ ಕೈ ಅವರನ್ನು ಕೇಳದೆಯೇ ಕೆಂಪು ಚೀಟಿಯನ್ನೆತ್ತಿ ತಮ್ಮ ಕೋಟಿಗೆ ಚುಚ್ಚಿಕೊಂಡಿತು. ನೀಲಿ ಚೀಟಿ ಶಾಲಿನ ಮೇಲೆ ಹೋಯಿತು.

“ಏನ್ರೀ ಇದು?”

“ಮ್ಯೂಸಿಯಂನವರು ಕೊಟ್ಹೋದ್ರು. ಹಾಕ್ಕೊಳ್ಬೇಕಂತೆ.”

“ಹೌದಾ! ನನಗೆ ನೀಲಿ ಬಂತು ನೋಡಿ, ನನಗಿಷ್ಟದ್ದೇ,” ಎಂದು ಆಕೆ ಅದನ್ನು ಚುಚ್ಚಿಕೊಂಡು, ಅಜ್ಜಿಗೆ ತೋರಿಸಿ, ಎರಡು ಸಲ ನೇವರಿಸಿದಳು. ಆ ಸಂತೋಷ ನೋಡಿ ಮಾಸ್ಟರಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಿಟ್ಟು. ಇವಳಿಗೆ ಯಾವುದು ಸಿಕ್ಕರೂ ಖುಷಿಯೇ, ತನಗೆ ಕದ್ದದ್ದೂ ಖುಷಿ ಕೊಡುತ್ತಿಲ್ಲ.

ಹಿಂದಿನ ರಾತ್ರಿ ಗೊರಕೆಯಿಂದ ನಿದ್ದೆಯಿಲ್ಲದ ಹೆಂಡತಿ ಬೆಳಿಗ್ಗೆ ಹತ್ತು ಗಂಟೆಗೆ ಮೇಲಿನ ಹಲಗೆ ಹತ್ತಿ ಮಲಗಿದಳು. ಸ್ವಲ್ಪ ಹೊತ್ತಿಗೆ ಅಜ್ಜಿ ಚಹಾ ತರಲು ಹೊರಟವಳು ಬಾಗಿಲಿನ ಕೊಕ್ಕೆಗೆ ಕೋಟು ಸಿಕ್ಕಿಸಿಕೊಂಡಳು. ಪರ್ರೆಂದು ಸದ್ದಾಯಿತು. ಎಡಮೊಣಕೈಯ ಮೇಲೆ ನಾಲ್ಕು ಬೆರಳಗಲ ಹರಿದುಹೋಯಿತು. ಅಜ್ಜಿ ಕೂತು ಅದನ್ನೇ ಸವರುತ್ತ, ಕಣ್ಣೆತ್ತಿದಾಗ ಎದುರಿಗೆ ಕೆಂಪು ಚೀಟಿ. ಅದರ ಮೇಲಿನ ಪದವನ್ನೂ ಮ್ಯೂಸಿಯಂನ ಗುರುತನ್ನೂ ಅವಳು ಓದಿದಳು.

“ಮಾಸ್ಟರ್!” ಎಂದಳು, ಕೈ ಜೋಡಿಸಿ. ಕೋಟು ಬಿಚ್ಚಿ ಅವರ ತೊಡೆಯ ಮೇಲಿಟ್ಟಳು.

ಎಷ್ಟು ಹೊತ್ತಿನ ಮೇಲೆ ಕೇಳಿದ ಪದ! ಹೆಂಡತಿಯನ್ನು ಎಬ್ಬಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಎಬ್ಬಿಸುವುದು ಹೇಗೆ? ಎಬ್ಬಿಸಿದರೆ ಚೀಟಿ ಸುಳ್ಳಾಗುತ್ತದೆ. ಮಾಸ್ಟರು ಹೆಂಡತಿಯ ಚೀಲದಿಂದ ಸೂಜಿಡಬ್ಬಿ ತೆಗೆದರು. ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ನಡೆದ ಕೆಲಸ, ಬಾರದೆ ಏನು ಎಂಬ ಧೈರ್ಯ. ಆದರೆ ಅವರು ನೋಡಿದ್ದೆಲ್ಲ ಪರದೆಯ ಈಚೆಯಿಂದ. ಒಳಮಡಿಕೆಯಿಂದ ನೂಲೆಳೆದರು, ನೂಲು ತುಂಡಾಯಿತು. ಇನ್ನೊಂದು ಎಳೆದರು, ಮಡಿಕೆಯೇ ಸುಕ್ಕಾಯಿತು. ಹಾಸು ಎಷ್ಟು, ಹೊಕ್ಕು ಎಷ್ಟು ಎಂಬ ಲೆಕ್ಕ ಹತ್ತಲಿಲ್ಲ. ರೈಲು ಕುಲುಕಿದಾಗಲೆಲ್ಲ ಸೂಜಿ ಹೆಬ್ಬೆರಳಿಗೆ. ಕೊನೆಗೆ ಬೇಸತ್ತು, ತಮಗೆ ಬರುವಂತೆ ಅಂಚಿಗೆ ಅಂಚು ಸೇರಿಸಿ ಹೊಲಿದು ಗಂಟು ಹಾಕಿದರು. ಮೊಣಕೈಯ ಮೇಲೆ ಒಣಗಿದ ಗಾಯದ ಹಾಗೆ ಒಂದು ದಿಂಡು ಎದ್ದು ನಿಂತಿತು. ಅಜ್ಜಿ ನೋಡಿದಳು. ಒಳ್ಳೆಯ ಮನೆಯ ಹೆಣ್ಣು, ನಕ್ಕು ತಲೆಯಾಡಿಸಿದಳು. ಆ ನಗುವಿಗಿಂತ ಬೈಗುಳ ವಾಸಿಯಿತ್ತು.

ಮಧ್ಯಾಹ್ನ ಹೆಂಡತಿ ಕೆಳಗಿಳಿದಳು. ಇಳಿದವಳ ಕಣ್ಣು ಮೊದಲು ಬಿದ್ದದ್ದು ಆ ತೋಳಿನ ಮೇಲೆ.

“ಅಯ್ಯೋ ಶಿವನೇ, ಯಾರಿದು ಹೀಗೆ ಹಾಳು ಮಾಡಿದ್ದು?”

“ಅವರೇ ಹೊಲ್ಕೊಂಡ್ರು ಅನ್ಸುತ್ತೆ,” ಎಂದರು ಮಾಸ್ಟರು, ಕಿಟಕಿಯ ಕಡೆ ತಿರುಗಿ.

ಹೆಂಡತಿ ಅಜ್ಜಿಯ ಕೋಟು ಬಿಚ್ಚಿಸಿಕೊಂಡು ಒಳಮಗ್ಗುಲು ತಿರುಗಿಸಿದಳು. ಕಣ್ಣಿನಿಂದ ಹುಡುಕಲೂ ಇಲ್ಲ, ಕಿರುಬೆರಳಿನ ಉಗುರು ನೇರವಾಗಿ ಹೊಲಿಗೆಯ ಎಡತುದಿಗೆ ಹೋಗಿ, ಮಡಿಕೆಯ ಅಡಿ ಅಡಗಿದ್ದ ಗಂಟನ್ನು ಮೀಟಿತು. ಒಂದೇ ಎಳೆತ. ಹೊಲಿಗೆಯೆಲ್ಲ ಸರ್ರನೆ ಬಿಚ್ಚಿ ಬಂತು.

“ನಿಮ್ಮ ಗಂಟು ಇದು,” ಎಂದಳು. “ಮೂರು ಸುತ್ತು, ಎಡಗಡೆ, ಮಡಿಕೆ ಕೆಳಗೆ.”

“ನನ್ನ ಗಂಟು ನಿನಗೆ ಹೇಗೆ ಗೊತ್ತು?”

“ಗೊತ್ತಿಲ್ದೆ ಏನು, ಎಷ್ಟು ಬಿಚ್ಚಿಲ್ಲ ನಾನು!”

ಅಂದವಳೇ ನಾಲಿಗೆ ಕಚ್ಚಿಕೊಂಡಳು.

“ಏನು ಬಿಚ್ಚಿದ್ದೀಯಾ?”

“ಏನಿಲ್ಲ ಬಿಡಿ.”

“ಇವಳೇ, ಏನು ಬಿಚ್ಚಿದ್ದೀಯಾ ಅಂದೆ.”

ಹೆಂಡತಿ ಸೂಜಿಯನ್ನು ಬೆಳಕಿಗೆ ಹಿಡಿದು ನೂಲು ಪೋಣಿಸಿದಳು. ಕೈಯಲ್ಲಿ ಕೆಲಸವಿದ್ದರೆ ಆಕೆಗೆ ಯಾವ ಮಾತೂ ಕಷ್ಟವಲ್ಲ. “ತೋಳು,” ಎಂದಳು. “ಬಲಗಡೆದು ಯಾವಾಗ್ಲೂ ಸರಿ ಇರುತ್ತೆ. ಅದರ ಮೇಲೆ ಮಾತಿಲ್ಲ. ಎಡಗಡೆದು ಮಾತ್ರ ಒಂಚೂರು ಮುಂದಕ್ಕೆ ಬರುತ್ತೆ. ನೀವು ಮಧ್ಯಾಹ್ನ ಊಟಕ್ಕೆ ಹೋಗಿ ಮಲಗ್ತಿದ್ರಲ್ಲ, ಆಗ ಬಿಚ್ಚಿ ಕೂರಿಸಿಬಿಡ್ತಿದ್ದೆ.”

“ಎಲ್ಲಾ ಕೋಟಿಗೂ?”

“ಎಲ್ಲಾದಕ್ಕೂ ಎಲ್ಲಿ. ಆದಷ್ಟಕ್ಕೆ.”

ಮಾಸ್ಟರು ಎದ್ದು ಹೊರಗೆ ಹೋದರು. ಕೈ ತೊಳೆಯುವ ಜಾಗದಲ್ಲಿ ಉದ್ದನೆಯ ಕನ್ನಡಿಯೊಂದಿತ್ತು. ಬಾಗಿಲು ಹಾಕಿಕೊಂಡು, ಗಿರಾಕಿಗಳನ್ನು ನಿಲ್ಲಿಸುವಂತೆ ತಮ್ಮನ್ನೇ ನೆಟ್ಟಗೆ ನಿಲ್ಲಿಸಿಕೊಂಡು, ಎರಡೂ ಕೈ ಇಳಿಬಿಟ್ಟರು. ಮೈಮೇಲಿದ್ದದ್ದು ಹೊರಡುವ ಬೆಳಿಗ್ಗೆ ಮುಗಿಸಿದ ಕೋಟು. ಅದನ್ನು ಮುಟ್ಟಲು ಹೆಂಡತಿಗೆ ಮಧ್ಯಾಹ್ನ ಸಿಕ್ಕಿರಲಿಲ್ಲ. ಬಲತೋಳು ಧಾರೆಯಂತೆ ಇಳಿದಿತ್ತು. ಎಡತೋಳು ಒಂಚೂರು ಮುಂದಕ್ಕೆ ಬಂದಿತ್ತು. ರೈಲಿನ ಅಲುಗಾಟವಿರಬೇಕೆಂದು ಒಂದು ಸ್ಟೇಷನ್ ಬರುವವರೆಗೆ ಕಾದರು. ರೈಲು ನಿಂತಿತು. ತೋಳು ಮುಂದೆಯೇ ಇತ್ತು. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು.

ಮರಳಿ ಬಂದಾಗ ಹೆಂಡತಿ ಕಿಟಕಿಯ ಬೆಳಕಿಗೆ ಬಾಗಿ ಕೂತಿದ್ದಳು. ರೈಲು ಕುಲುಕುವಾಗ ಸೂಜಿ ತಡೆದು, ಕುಲುಕು ಮುಗಿದ ಕೂಡಲೇ ಎರಡೆಳೆ ಹಾಯಿಸಿ, ಮತ್ತೆ ತಡೆದು, ಹಳಿಯ ತಾಳಕ್ಕೆ ಕೈ ಹೊಂದಿಸಿಕೊಂಡಿದ್ದಳು. ಈ ಕೆಲಸವನ್ನು ಅಡ್ಡ ಪರದೆಯಿಲ್ಲದೆ, ಮೂರು ಮೊಳ ದೂರದಿಂದ, ಮೊದಲಿನಿಂದ ಕೊನೆಯವರೆಗೆ ಮಾಸ್ಟರು ನೋಡಿದ್ದು ಆವತ್ತೇ. ಕಣ್ಣು ತೆಗೆಯಲಾಗಲಿಲ್ಲ. ನೋಡಿದಷ್ಟೂ ಹೊಟ್ಟೆ ಉರಿಯಿತು. ಕೈ ಚೆನ್ನಾಗಿಲ್ಲದವರಿಗೆ ಈ ಉರಿ ಗೊತ್ತಾಗುವುದಿಲ್ಲ. ಅವರ ಕೈ ಚೆನ್ನಾಗಿತ್ತು, ಆದ್ದರಿಂದ ಆ ಕೈ ಎಷ್ಟು ಮೇಲಿನದು ಎಂಬುದು ಎಳೆಎಳೆಯಾಗಿ ತಿಳಿಯಿತು.

ಎರಡು ಗಂಟೆಯ ಮೇಲೆ ಕೋಟು ಮುಗಿಯಿತು. ಅಜ್ಜಿ ಹರಿದ ಜಾಗ ಹುಡುಕಿದಳು. ಬಲತೋಳಿನಲ್ಲೂ ಹುಡುಕಿದಳು. ಸಿಗದೆ ಬಿದ್ದು ಬಿದ್ದು ನಕ್ಕಳು. ಗೊರಕೆಯವನೂ ಎದ್ದು, ಕೆಳಗೆ ಬಾಗಿ ನೋಡಿ, ಚಪ್ಪಾಳೆ ತಟ್ಟಿ ಮತ್ತೆ ಮಲಗಿದ. ಅಜ್ಜಿ ಹೆಂಡತಿಯ ಎರಡೂ ಕೈ ಹಿಡಿದು “ಮಾಸ್ಟರ್! ಮಾಸ್ಟರ್!” ಎಂದಳು.

“ಹ್ಞಾಂ, ಮಾಸ್ಟರ್ ಇವರೇ. ನಮ್ಮ ಯಜಮಾನ್ರು,” ಎಂದು ಹೆಂಡತಿ ಹೆಮ್ಮೆಯಿಂದ ಗಂಡನ ಕಡೆ ಕೈ ತೋರಿಸಿದಳು.

ಅಜ್ಜಿ ಮಾಸ್ಟರ ಎದೆಯ ಚೀಟಿಯನ್ನೊಮ್ಮೆ, ಹೆಂಡತಿಯ ಚೀಟಿಯನ್ನೊಮ್ಮೆ ನೋಡಿದಳು. ಎಲ್ಲ ತಿಳಿದವಳಂತೆ ತನ್ನ ಚಹಾದ ಲೋಟ ಎತ್ತಿಕೊಂಡಳು. ಮಾಸ್ಟರು ಕೆಂಪು ಚೀಟಿಯನ್ನು ಬಿಚ್ಚಿ ಜೇಬಿಗೆ ಹಾಕಿದರು.

“ಯಾಕ್ರೀ ತೆಗೆದ್ರಿ?”

“ಪಿನ್ನು ಚುಚ್ತಿದೆ.”

ಅಲ್ಲಿಂದ ಮುಂದಿನ ಹಾದಿ ಮೊದಲಿನ ಹಾದಿಯ ಎರಡರಷ್ಟಾಯಿತು. ಹೇಳಿಬಿಡಬೇಕು ಎಂದು ಒಂದು ಗಂಟೆ, ಯಾಕೆ ಹೇಳಬೇಕು ಎಂದು ಇನ್ನೊಂದು ಗಂಟೆ. ಹೇಳದಿದ್ದರೆ ನಡೆದೇ ಹೋಗುತ್ತದೆ. ಅಲ್ಲಿ ತಾವು ಮೇಜಿನ ಮುಂದೆ ಕೂತು ಬೆರಳು ಮಾಡಿ ತೋರಿಸುವುದು, ಅವಳು ಹಿಂದೆ ಕೂತು ನೇಯುವುದು. ಇಷ್ಟು ವರ್ಷ ನಡೆದದ್ದು ಹತ್ತು ದಿನ ನಡೆಯದೆ? ಊರಿಗೆ ಹೋದರೆ ಹೆಸರು ಹೆಸರಾಗಿಯೇ ಉಳಿಯುತ್ತದೆ. ಹೀಗೆಂದುಕೊಂಡು ಒಂದು ಉಸಿರು ಬಿಡುವಷ್ಟರಲ್ಲಿ ಯಾವುದೋ ಕೋಟಿನ ನೆನಪು ಬರುತ್ತಿತ್ತು.

“ವಕೀಲರ ಕರಿ ಕೋಟು?”

“ಎಡಗಡೆದು.”

“ಡಾಕ್ಟರದು?”

“ಅದು ಸರಿಯಾಗೇ ಇತ್ತು.”

“ಸುಳ್ಳು ಹೇಳ್ಬೇಡ.”

“ಎಡಗಡೆದು ಒಂಚೂರು.”

ಅರ್ಧ ಗಂಟೆ ಬಿಟ್ಟು, “ಅಳಿಯಂದ್ರ ಮದುವೆ ಕೋಟು?”

“ಬೇಡ ಬಿಡ್ರೀ ಈಗ ಅದೆಲ್ಲ.”

“ಹೇಳು.”

“ಅಳಿಯಂದ್ರದ್ದು ಎರಡೂ. ಆವತ್ತು ನೀವು ತುಂಬ ಅವಸರದಲ್ಲಿದ್ರಿ.”

“ಇಷ್ಟು ವರ್ಷ ಒಂದು ಮಾತು ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದ್ರೆ ಕೂಗಾಡ್ತಿದ್ರಿ. ಕೂಗಾಡಿ ಆದ್ಮೇಲೆ ನಾನೇ ಬಿಚ್ಬೇಕಿತ್ತು. ಕೂಗಾಟ ಆದ್ರೂ ಉಳೀಲಿ ಅಂತ.” ಆಕೆ ಸೇಬಿನ ಹೋಳೊಂದನ್ನು ಅವರ ಕೈಗಿತ್ತಳು. ಮಾಸ್ಟರು ಅದನ್ನು ಜಗಿಯುತ್ತ, ತಮಗೆ ಹೊಗಳಿಕೆ ತಂದ ಕೋಟುಗಳನ್ನೆಲ್ಲ ಒಂದೊಂದಾಗಿ ನೆನೆದು ಎಡಗಡೆಯ ತೋಳನ್ನು ಕಳೆದುಕೊಳ್ಳುತ್ತ ಹೋದರು.

ಮೂರನೆಯ ದಿನ ಮಧ್ಯಾಹ್ನ ರೈಲು ಕೊನೆಯ ನಿಲ್ದಾಣಕ್ಕೆ ಬಂತು. ಅಜ್ಜಿ ಹೆಂಡತಿಯ ಕೆನ್ನೆ ತಟ್ಟಿ, ಮಾಸ್ಟರ ಕಡೆ ಬರೀ ತಲೆ ಬಾಗಿಸಿ ಇಳಿದುಹೋದಳು. ಊದಿದ ಪಾದವನ್ನು ಬೂಟಿನೊಳಗೆ ತುರುಕಿಕೊಂಡು ಮಾಸ್ಟರು ಪ್ಲಾಟ್‌ಫಾರ್ಮಿಗೆ ಕಾಲಿಟ್ಟಾಗ ನೆಲವಿನ್ನೂ ಅಲುಗಾಡುತ್ತಿರುವಂತಿತ್ತು. ಮ್ಯೂಸಿಯಂನ ಬೋರ್ಡು ಹಿಡಿದ ಹೆಂಗಸೊಬ್ಬಳು, ಶಾಲು ತಂದವಳಲ್ಲ, ದೂರದಿಂದಲೇ ಇವರನ್ನು ಗುರುತಿಸಿ ಓಡಿಬಂದಳು. ಹೆಂಡತಿಯ ಎದೆಯ ನೀಲಿ ಚೀಟಿ ಓದಿದಳು. ಹಾಗಾದರೆ ಉಳಿದವರು ಇವರೇ ಎಂದು ಮಾಸ್ಟರ ಕಡೆ ತಿರುಗಿ, ಮುಖವಿಡೀ ನಗುವಾಗಿ, ಎರಡೂ ಕೈ ಚಾಚಿದಳು.

“ಮಾಸ್ಟರ್?”

ಮಾಸ್ಟರ ಕೈ ಅರ್ಧ ಎದ್ದಿತು.

“ಹೋಗ್ರೀ, ನಿಮ್ಮನ್ನೇ ಕರೀತಿದ್ದಾರೆ,” ಎಂದು ಹೆಂಡತಿ ಹಿಂದಿನಿಂದ ಮೆಲ್ಲಗೆ ತಳ್ಳಿದಳು. ತಳ್ಳಿದವಳು ಕೋಟಿನ ಎಡತೋಳನ್ನು ಹಿಡಿದು, ಯಾರಿಗೂ ಕಾಣದಂತೆ, ಒಂದಿಷ್ಟು ಹಿಂದಕ್ಕೆ ಎಳೆದು ಸರಿಮಾಡಿದಳು.

ಅದು ಮಾಸ್ಟರಿಗೆ ತಡೆಯಲಾಗಲಿಲ್ಲ.

“ನನ್ನನ್ನಲ್ಲ ಕಣೇ,” ಎಂದರು. “ನಿನ್ನನ್ನ.”

“ತಮಾಷೆ ಮಾಡೋಕೆ ಹೊತ್ತು ಗೊತ್ತು ಬೇಡ್ವಾ ನಿಮಗೆ?”

“ತಮಾಷೆ ಅಲ್ಲ. ಶಾಲು ಸರಿ ಮಾಡಿದ ಮಾಸ್ಟರ್ ಬರ್ಲಿ ಅಂತ ಬರೆದಿದ್ದು. ಶಾಲು ಸರಿ ಮಾಡಿದ್ದು ಯಾರು?”

ಹೆಂಡತಿ ನಗು ನಿಲ್ಲಿಸಿದಳು. ಆಕೆಯನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. “ನಾನು,” ಎಂದಳು, ತಪ್ಪು ಒಪ್ಪಿಕೊಳ್ಳುವವಳ ದನಿಯಲ್ಲಿ. ಆಮೇಲೆ ಇನ್ನೊಮ್ಮೆ, ಬೇರೆ ದನಿಯಲ್ಲಿ, “ನಾನು.”

ಮಾಸ್ಟರು ಜೇಬಿನಿಂದ ಕೆಂಪು ಚೀಟಿ ತೆಗೆದು ಆಕೆಯ ಕೈಗಿಟ್ಟರು. ಆಕೆ ಅದನ್ನು ನೋಡಿದಳು, ತನ್ನ ನೀಲಿಯನ್ನು ನೋಡಿದಳು.

“ನಿಮಗೆ ಯಾವಾಗ ಗೊತ್ತಾಯ್ತು?”

“ಗಡಿಯಲ್ಲಿ.”

“ಗಡಿಯಿಂದ ನನ್ನ ಚೀಟಿ ಹಾಕ್ಕೊಂಡು ಕೂತಿದ್ರಾ ನೀವು?”

ಬೋರ್ಡಿನ ಹೆಂಗಸು ಇಬ್ಬರ ಮುಖವನ್ನೂ ನೋಡುತ್ತ, ಕೈ ಚಾಚಿದ ಹಾಗೆಯೇ ನಿಂತಿದ್ದಳು. ಮಾಸ್ಟರಿಗೆ ಹೇಳಲು ನೆಪವೊಂದೂ ಸಿಗಲಿಲ್ಲ, ಆದ್ದರಿಂದ ಇದ್ದದ್ದನ್ನೇ ಹೇಳಿದರು. “ಹೊಟ್ಟೆ ಉರೀತು ಕಣೇ. ಈಗ್ಲೂ ಉರೀತಿದೆ.”

ಹೆಂಡತಿ ನೀಲಿಯನ್ನು ಬಿಚ್ಚಿ, ಕೆಂಪನ್ನು ಚುಚ್ಚಿಕೊಂಡಳು. ಅವಸರವಿಲ್ಲದೆ, ಪಿನ್ನಿನ ಬಾಯಿ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದಳು.

“ಉರೀಲಿ,” ಎಂದಳು. “ನನಗೆ ಇಪ್ಪತ್ತೆರಡು ವರ್ಷ ಉರಿದಿದೆ.”

ಮತ್ತೆ ಅವರ ಕಡೆ ನೋಡದೆ, ಚಾಚಿದ್ದ ಕೈಗಳಿಗೆ ತನ್ನ ಕೈ ಕೊಟ್ಟು, ಆ ಹೆಂಗಸಿನ ಜೊತೆ ಮುಂದೆ ನಡೆದಳು. ಮಾಸ್ಟರು ನೀಲಿ ಚೀಟಿಯನ್ನು ಕೋಟಿಗೆ ಚುಚ್ಚಿಕೊಂಡು, ಸೂಜಿಡಬ್ಬಿಯ ಚೀಲವನ್ನು ಹೆಗಲಿಗೇರಿಸಿ, ಗಾಲಿಯ ಪೆಟ್ಟಿಗೆಯನ್ನು ಎಳೆದುಕೊಂಡು ಹಿಂದೆ ಹೊರಟರು.